ಸ್ವೆಟರ್ ತೊಟ್ಟ ಕಿತ್ತಳೆ ಗಿಡ

ನನ್ನ ಹೆಂಡತಿ ಸುಧಾಗೆ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿ ಕಲಬುರಗಿಗೆ ವರ್ಗವಾದಾಗ, ಮನೆಯನ್ನೂ ನನ್ನನ್ನೂ ನಾನೇ ಚೆನ್ನಾಗಿ ನೋಡಿಕೊಳ್ಳುತ್ತೇನೆಂದು ಎದೆ ತಟ್ಟಿ ಹೇಳಿದ್ದೆ. ಮನೆ ಈಗಲೂ ಚೆನ್ನಾಗಿದೆ!

ಫೋನ್ ಮಾಡಿದಾಗಲೆಲ್ಲ "ಯಾವಾಗ ಬರ್ತೀಯ?" ಎಂದು ಕೇಳುತ್ತಿದ್ದೆ.

"ರಜಾ ಸಿಗಲ್ಲ ರೀ. ಅಲ್ಲೇನಾದ್ರೂ ಅರ್ಜೆಂಟಾ?"

ಅರ್ಜೆಂಟು ಏನೂ ಇರಲಿಲ್ಲ. ಒಬ್ಬನೇ ಕೂತು ಉಪ್ಪಿಟ್ಟು ತಿನ್ನುವುದು ಯಾವ ಬ್ಯಾಂಕಿನ ನಿಯಮದಲ್ಲೂ ತುರ್ತು ಕಾರಣವಲ್ಲ.

ಆಗಲೇ ಮಡಿವಾಳದ ಕಡೆ ಒಂದು ನರ್ಸರಿಯಲ್ಲಿ ಆ ಗಿಡ ಕಂಡಿತು. "ಚಳಿ ತಡಿಯೋ ಕಿತ್ತಳೆ ಸಾರ್. ಹಿಮ ಬಿದ್ರೂ ಏನಾಗಲ್ಲ" ಎಂದ ನರ್ಸರಿಯವನು. ಬೆಂಗಳೂರಿನ ನಮ್ಮ ಚಿಕ್ಕಲಸಂದ್ರದಲ್ಲಿ ಈವರೆಗೆ ಹಿಮ ಬಿದ್ದಿಲ್ಲ. ಆದರೂ ಮುಂಜಾಗ್ರತೆ ಒಳ್ಳೆಯದಲ್ಲವೇ! ಮೇಲಾಗಿ ಗಿಡದಲ್ಲಿ ಆಗಲೇ ಎರಡು ಹಸಿರು ಕಾಯಿಗಳಿದ್ದವು. ಹಣ್ಣಾದರೆ ಸುಧಾ ತಿನ್ನಲಾದರೂ ಬಂದಾಳು ಎಂಬ ಆಸೆಯಿಂದ ಕೊಂಡು ತಂದು ಟೆರೇಸಿಗೆ ಏರಿಸಿದೆ.

ಡಿಸೆಂಬರ್ ಬಂತು. ಒಂದು ಬೆಳಿಗ್ಗೆ ನೋಡಿದರೆ ಗಾಳಿಗೆ ಎಲೆಗಳು ನಡುಗುತ್ತಿವೆ! ಹಿಮಕ್ಕೂ ಜಗ್ಗದ ಗಿಡ ಎಂಬುದು ನನಗೆ ನೆನಪಿತ್ತು. ಆದರೆ ಒಂದು ಜೀವ ಡಿಸೆಂಬರಿನಲ್ಲಿ ಬರಿತಲೆಯಲ್ಲಿ ನಿಂತಿರುವುದನ್ನು ಯಾವ ಬೆಂಗಳೂರಿನವನು ತಾನೇ ಸಹಿಸಿಯಾನು? ಸುಧಾಳ ನೇರಳೆ ಸ್ವೆಟರ್ ತೊಡಿಸಿ ಗುಂಡಿ ಹಾಕಿದೆ. ತುದಿಗೆ ನನ್ನ ಮಂಕಿ ಕ್ಯಾಪ್ ಇಳಿಸಿದೆ. ನೆಲ ತಣ್ಣಗಿರುತ್ತದೆಂದು ಕುಂಡವನ್ನು ಕುರ್ಚಿಯ ಮೇಲೆ ಕೂರಿಸಿದೆ. ನಲ್ಲಿ ನೀರು ಕೊರೆಯುತ್ತದೆಂದು ಗೀಸರಿನ ನೀರು ಹಾಕಿದೆ. ಎಣ್ಣೆಸ್ನಾನವೊಂದನ್ನು ಮಾತ್ರ ಮಾಡಿಸಲಿಲ್ಲ!

ಆಮೇಲೆ ಎದುರಿಗೆ ಇನ್ನೊಂದು ಕುರ್ಚಿ ಹಾಕಿಕೊಂಡು ಬೆಳಗಿನ ಕಾಫಿ ಅಲ್ಲೇ ಕುಡಿಯತೊಡಗಿದೆ. ಕೈಗೆ ಎರಡು ಲೋಟ ಬೆರೆಸಿಯೇ ಅಭ್ಯಾಸ. ಒಂದು ನನಗೆ, ಇನ್ನೊಂದು, ಆರಿದ ಮೇಲೆ, ಗಿಡದ ಬುಡಕ್ಕೆ. ಪೇಪರಿನ ಸುದ್ದಿಯನ್ನೂ ಓದಿ ಹೇಳುತ್ತಿದ್ದೆ. ಎಷ್ಟೋ ದಿನಗಳ ಮೇಲೆ ಎದುರಿಗೆ ಕೂತು ನನ್ನ ಮಾತು ಪೂರ್ತಿ ಕೇಳುವವರು ಸಿಕ್ಕಿದ್ದರು. ನಿಜ ಹೇಳುತ್ತೇನೆ, ಮನಸ್ಸಿಗೆ ಹಾಯೆನಿಸುತ್ತಿತ್ತು.

ಪಕ್ಕದ ಮನೆಯ ಶಾಂತಮ್ಮ ತಮ್ಮ ಟೆರೇಸಿನಿಂದ ಇದನ್ನೆಲ್ಲ ದಿನಾ ನೋಡುತ್ತಿದ್ದರು, ಅದೂ ಕನ್ನಡಕವಿಲ್ಲದೆ, ಎಂಬುದು ನನಗೆ ಗೊತ್ತಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಕಾಫಿ ಹೀರುತ್ತಿದ್ದೆ. ಬೆನ್ನ ಹಿಂದೆ ಬ್ಯಾಗು ದೊಪ್ಪೆಂದು ಬಿತ್ತು. ಸುಧಾ! ರೈಲಿಳಿದು ನೇರ ಟೆರೇಸಿಗೇ ಹತ್ತಿ ಬಂದಿದ್ದಳು.

"ಯಾರ್ರೀ ಅವಳು?"

"ಯಾವಳು?"

"ಶಾಂತಮ್ಮ ಫೋನ್ ಮಾಡಿದ್ರು. ದಿನಾ ಯಾರೋ ನನ್ನ ಸ್ವೆಟರ್ ಹಾಕ್ಕೊಂಡು ನಿಮ್ಮೆದುರು ಕೂತಿರ್ತಾಳಂತೆ. ಕಾಫಿ ಬೇರೆ ಕೊಡ್ತೀರಂತೆ. ನಗ್ತಾ ನಗ್ತಾ ಪೇಪರ್ ಓದಿ ಹೇಳ್ತೀರಂತೆ!"

ನಾನು ಮಂಕಿ ಕ್ಯಾಪ್ ತೆಗೆದೆ. ಒಳಗೆ ಒಣಕಡ್ಡಿ! ಸುಧಾ ಸ್ವೆಟರಿನ ಗುಂಡಿ ಬಿಚ್ಚಿದಳು. ಎಲೆಗಳೆಲ್ಲ ಪುರಪುರನೆ ಉದುರಿದವು. ಕಾಯಿಗಳು ಸುಕ್ಕುಗಟ್ಟಿ ಗೋಲಿಯಷ್ಟಾಗಿದ್ದವು. ಹಿಮವನ್ನು ತಡೆದುಕೊಳ್ಳುವ ಗಿಡಕ್ಕೆ ನನ್ನ ಉಪಚಾರ ತಡೆದುಕೊಳ್ಳಲು ಆಗಿರಲಿಲ್ಲ!

ಸುಧಾ ನಕ್ಕು ನಕ್ಕು ನೆಲದ ಮೇಲೇ ಕೂತಳು. ಆಮೇಲೆ ಅವಳ ಕಣ್ಣು ಎರಡನೆಯ ಲೋಟದ ಮೇಲೆ ಬಿತ್ತು. ನಗು ನಿಂತಿತು.

"ಅಷ್ಟು ಬೇಜಾರಾಗ್ತಿದ್ರೆ ಬಾಯಿಬಿಟ್ಟು ಹೇಳ್ಬಾರ್ದಾ?"

"ಅರ್ಜೆಂಟಾ ಅಂತ ಕೇಳ್ತಿದ್ಯಲ್ಲ..."

ಅವಳು ಆ ಆರಿದ ಕಾಫಿಯನ್ನು ಎತ್ತಿ ಕುಡಿದಳು.

ಭಾನುವಾರ ಸಂಜೆ ಹೊರಟು ಹೋದಳು. ಹೋಗುವ ಮುಂಚೆ ಶಾಂತಮ್ಮನಿಗೆ ವಿಷಯ ತಿಳಿಸಿ, ಗಿಡವನ್ನು ಕಿತ್ತು ಹಾಕಿಸಿದಳು. ಸ್ವೆಟರ್ ಮಾತ್ರ ಇಲ್ಲೇ ಬಿಟ್ಟಿದ್ದಳು.

ಸೋಮವಾರ ಬೆಳಿಗ್ಗೆ ನನ್ನ ಬುದ್ಧಿ ಚುರುಕಾಯಿತು. ಖಾಲಿ ಕುರ್ಚಿಯ ಬೆನ್ನಿಗೆ ಸ್ವೆಟರ್ ತೊಡಿಸಿ, ಮೇಲೆ ಮಂಕಿ ಕ್ಯಾಪ್ ಏರಿಸಿ, ಪಕ್ಕದ ಮನೆಗೆ ಕಾಣುವ ಹಾಗೆ ತಿರುಗಿಸಿಟ್ಟೆ. ಎರಡು ಲೋಟ ಕಾಫಿ ತಂದೆ. ಜೋರಾಗಿ ನಗುತ್ತಾ ಪೇಪರ್ ಓದಿದೆ. ಶಾಂತಮ್ಮ ಬಟ್ಟೆ ಒಣಹಾಕಲು ಬಂದವರು ನನ್ನ ಕಡೆ ತಿರುಗಿದರು. ಅವರೊಂದು ಫೋನ್ ಮಾಡಿದರೆ ಸಾಕು, ಶನಿವಾರ ಸುಧಾ ಮತ್ತೆ ಇಲ್ಲಿ!

ಶಾಂತಮ್ಮ ಈ ಸಲ ಕನ್ನಡಕ ಹಾಕಿಕೊಂಡಿದ್ದರು.

"ಸಾರ್, ಸ್ವೆಟರ್‌ನ ಹಗ್ಗದ ಮೇಲೆ ಹಾಕಿ. ಕುರ್ಚಿ ಮೇಲೆ ಹಾಕಿದ್ರೆ ಒಣಗಲ್ಲ" ಎಂದು ಹೇಳಿ ಒಳಗೆ ಹೋದರು.

ಎರಡೂ ಲೋಟ ಕಾಫಿ ನಾನೇ ಕುಡಿದೆ.