ಹುರುಳಿ ಕಣದ ಕೇಸು

ಬೆಳಕು ಹರಿಯುವ ಮುನ್ನವೇ ರಾಚಪ್ಪ ತನ್ನ ಟ್ರ್ಯಾಕ್ಟರಿಗೆ ಸ್ನಾನ ಮಾಡಿಸಿದ. ಬಕೆಟ್ಟು ಸದ್ದು ಮಾಡೀತೆಂದು ಚೊಂಬಿನಲ್ಲಿ ನೀರು ಸುರಿದು, ಉಸಿರು ಬಿಗಿಹಿಡಿದು ಒರೆಸಿದ. ಹೆಣ್ಣು ನೋಡಲು ಹೋಗುವ ಸುದ್ದಿ ಒಬ್ಬರ ಕಿವಿಗೆ ಬಿದ್ದರೂ ಇಡೀ ಬೀದಿ ಟ್ರ್ಯಾಕ್ಟರ್ ಹತ್ತಿ ಕೂತುಬಿಡುತ್ತಿತ್ತು. ಇದುವರೆಗೆ ಹತ್ತು ಮನೆಯ ಉಪ್ಪಿಟ್ಟು ತಿಂದಿದ್ದ. ಒಂದು ಕಡೆಯಿಂದಲೂ ಮರುಮಾತು ಬಂದಿರಲಿಲ್ಲ. ಹನ್ನೊಂದನೆಯದು ಪಣಕಹಳ್ಳಿಯ ನಂಜಪ್ಪನವರ ಮಗಳು ಸೌಮ್ಯ. ಅವ್ವ ಮೊದಲ ಬಸ್ಸಿಗೇ ಹೋಗಿದ್ದಳು. ಹತ್ತು ಗಂಟೆಗೆ ಇವನು ಅಲ್ಲಿರಬೇಕಿತ್ತು.

ಓಣಿಯ ತಿರುವಿನಲ್ಲಿ ಎತ್ತಿನ ಗಾಡಿಯೊಂದು ಅಡ್ಡ ನಿಂತಿತ್ತು. ಎತ್ತೂ ಇಲ್ಲ, ಒಡೆಯನೂ ಇಲ್ಲ. ಪಕ್ಕದಲ್ಲೇ ನೆರೆಮನೆಯ ಶಿವಮಲ್ಲಮ್ಮ ಹುರುಳಿ ಗಿಡ ಹರಡಿದ್ದ ಕಣ. ತಿರುಗಿಸಿಕೊಳ್ಳಲೆಂದು ರಾಚಪ್ಪ ಎರಡು ಚಕ್ರ ಒಳಗಿಟ್ಟನಷ್ಟೆ.

"ಅಯ್ಯೋ, ನುಗ್ಗಿಬುಟ್ನಲ್ಲಪ್ಪೋ!"

ಮೆದೆಯ ಹಿಂದಿನಿಂದ ಶಿವಮಲ್ಲಮ್ಮ ಎದ್ದು ಬಂದಳು. ನಿನ್ನೆ ತಾನೇ, "ಉಳ್ಳಿ ಮೇಲೆ ಒಸಿ ಟ್ರ್ಯಾಕ್ಟರ್ ಆಡಿಸ್ಕೊಡ್ಲಾ" ಎಂದು ಕೇಳಿದ್ದಳು. "ಗಾಡಿ ರಿಪೇರಿ ಕಣಕ್ಕ" ಎಂದಿದ್ದ ಇವನು. ಈಗ ಆ ರಿಪೇರಿ ಗಾಡಿ ಚೆಂಡುಹೂವಿನ ಹಾರ ಹಾಕಿಕೊಂಡು, ಮದುಮಗನ ಹಾಗೆ ಅವಳ ಹುರುಳಿಯ ಮೇಲೆ ನಿಂತಿತ್ತು.

ಹಿಂದೆಯೇ ಅದೇ ಬೀದಿಯ ಗುರುಮಲ್ಲಪ್ಪನೂ ಬಂದ. ಇಪ್ಪತ್ತು ವರ್ಷ ಕೋರ್ಟಿಗೆ ಅಲೆದು, ಇದ್ದ ಜಮೀನು ಕಳೆದು ಕಾನೂನು ಗಳಿಸಿಕೊಂಡವನು.

"ಗಾಡಿ ಸಮೇತ ಅತಿಕ್ರಮ ಪ್ರವೇಸ! ಮೂರು ತಿಂಗ್ಳು ಜೈಲು, ಇಲ್ಲಾ ಐದು ಸಾವ್ರ ದಂಡ, ಎರಡೂ ಆದ್ರೂ ಆಯ್ತು. ಅದೇ ಮನೆಗೆ ನುಗ್ಗಿದ್ರೆ ಒಂದೊರ್ಸ ಕಣ್ಲಾ!"

"ಈಗ್ಲೇ ಟೇಸನ್‌ಗೋಗಿ ಕಂಪ್ಲೇಂಟು ಬರಸ್ತೀನಿ," ಎಂದು ಶಿವಮಲ್ಲಮ್ಮ ಸೆರಗು ಸಿಕ್ಕಿಸಿದಳು.

ರಾಚಪ್ಪ ಕೂತಲ್ಲೇ ಕೈ ಮುಗಿದ. ಕೇಸಿರುವ ಗಂಡಿಗೆ ಹೆಣ್ಣಿರಲಿ, ಉಪ್ಪಿಟ್ಟೂ ಸಿಗುವುದಿಲ್ಲ.

"ಬೇಕು ಅಂತ ಬರ್ನಿಲ್ಲ ಕಣಕ್ಕ. ತಿರುಗಿಸ್ಕೊಳಾಕೆ ಬಂದೆ."

"ಅಂಗನ್ನು ಮತ್ತೆ!" ಗುರುಮಲ್ಲಪ್ಪನ ಮುಖ ಅರಳಿತು. "ಬೇಕು ಅಂತ ಬಂದಿದ್ರೆ ತಾನೆ ಕೇಸು? ಎಂಗೆ ತಿರುಗಿಸ್ದೆ, ತೋರ್ಸು. ನಾನು ಸಾಕ್ಸಿ."

ರಾಚಪ್ಪ ತಿರುಗಿಸಿ ತೋರಿಸಿದ.

"ಟ್ರ್ಯಾಕ್ಟರ್ ಒಗೆ ಅಡ್ಡ ಬಂತು, ಕಾಣ್ನಿಲ್ಲ. ಇನ್ನೊಂದ್ಸಲ."

ಹಾಲಿನ ಕ್ಯಾನು ಹೊತ್ತು ಬಂದ ಮುರುಗನ್ ಎರಡನೇ ಸಾಕ್ಷಿಯಾದ. ಅವನು ಮೊದಲಿನಿಂದ ನೋಡಿರಲಿಲ್ಲವಾದ್ದರಿಂದ ಎಲ್ಲವೂ ಮೊದಲಿನಿಂದ ನಡೆಯಬೇಕಾಯಿತು. ಎಡಗಡೆಯಿಂದ ಬಂದನೋ ಬಲಗಡೆಯಿಂದಲೋ ಎಂದು ಸಾಕ್ಷಿಗಳಿಬ್ಬರಲ್ಲೇ ಜಗಳ ಹತ್ತಿತು. ರಾಚಪ್ಪ ಎರಡೂ ಕಡೆಯಿಂದ ಬಂದು ತೋರಿಸಿದ. ಪ್ರತಿ ಸುತ್ತು ಮುಗಿದಾಗಲೂ ಶಿವಮಲ್ಲಮ್ಮ, "ಚಕ್ರದ ಗುರ್ತು ಸರ್ಯಾಗಿ ಬೀಳ್ಲಿ," ಎನ್ನುತ್ತ ಗಿಡಗಳನ್ನು ಮೇಲೆ ಕೆಳಗೆ ಮಾಡಿ ಹರಡುತ್ತಿದ್ದಳು.

ಹನ್ನೆರಡು ಗಂಟೆಗೆ ಹುರುಳಿ ಗಿಡವೆಲ್ಲ ನುಚ್ಚಾಗಿ, ಕಾಳು ಉದುರಿ ಕಣ ಕೆಂಪಾಗಿತ್ತು. ಆಗ ರಾಚಪ್ಪನಿಗೆ ಕೇಸು ಅರ್ಥವಾಯಿತು.

"ಪಾಪ, ತಿಳೀದೆ ಬಂದವ್ನೆ. ಬುಟ್ಬುಡಕ್ಕ," ಎಂದು ಗುರುಮಲ್ಲಪ್ಪ ತೀರ್ಪು ಕೊಟ್ಟ. ಶಿವಮಲ್ಲಮ್ಮ ತನ್ನ ಎತ್ತಿನ ಗಾಡಿಯನ್ನು ತಾನೇ ತಳ್ಳಿ ದಾರಿ ಬಿಟ್ಟಳು.

ಪಣಕಹಳ್ಳಿಯಲ್ಲಿ ನಂಜಪ್ಪನವರ ಗೇಟು ಹಾರುಹೊಡೆದಿತ್ತು. ಅಂಗಳದಲ್ಲಿ ಏನೋ ಹರಡಿತ್ತು. ಹೊತ್ತಾದ ಗಾಬರಿಯಲ್ಲಿ ರಾಚಪ್ಪ ನೋಡದೆ ನುಗ್ಗಿಸಿದ. ಮುಂದಿನ ಚಕ್ರ ಜಗಲಿಗೆ ತಾಕಿ ನಿಂತಿತು. ಹಿಂದೆ ಗೇಟು ಮುಚ್ಚಿದ ಸದ್ದಾಯಿತು.

"ಬನ್ನಿ ಬನ್ನಿ!" ನಂಜಪ್ಪನವರು ಕೈ ಮುಗಿದರು. "ಗಂಡು ಎಂಗೆ ಅಂತ ನೆನ್ನೆ ನಿಮ್ಮ ಪಕ್ಕದ್ಮನೆ ಸಿವಮಲ್ಲಮ್ಮಂಗೆ ಪೋನ್ ಮಾಡಿ ಇಚಾರ್ಸಿದ್ದೆ. ಈಗ್ತಾನೆ ಅವ್ರೇ ಮಾಡಿದ್ರು. ಬಂಗಾರದಂತ ಉಡ್ಗ, ಉಳ್ಳಿ ಒಕ್ಕೋದ್ರಲ್ಲಿ ಅವ್ನ ಬುಟ್ರೆ ಇಲ್ಲ ಅಂದ್ರು. ಅದ್ಕೇ ನಮ್ಮ ಉಳ್ಳೀನೂ ಬಿರ್‌ಬಿರ್ನೆ ಅರಡಿಸ್ದೆ."

ರಾಚಪ್ಪ ಬಾಯಿ ತೆರೆದ. ನಂಜಪ್ಪನವರು ಜಗಲಿಗೆ ತಾಕಿದ ಚಕ್ರವನ್ನೊಮ್ಮೆ ನೋಡಿ ನಕ್ಕರು.

"ಆಗಲ್ಲ ಅನ್ಬೇಡಿ. ಮನೆಗೆ ನುಗ್ಗಿದ್ರೆ ಒಂದೊರ್ಸ ಜೈಲಂತಲ್ಲ?"

ಹೊತ್ತು ಇಳಿಯುವವರೆಗೂ ಟ್ರ್ಯಾಕ್ಟರ್ ಸುತ್ತಿತು. ಅವ್ವನೂ ಸೆರಗು ಕಟ್ಟಿ, ಮೊರ ಹಿಡಿದು, ಬೀಗರ ಜೊತೆ ಕಾಳು ತೂರುತ್ತಿದ್ದಳು. ಒಳಗಿನಿಂದ ಉಪ್ಪಿಟ್ಟಿನ ವಾಸನೆ ಕೂಡ ಬರಲಿಲ್ಲ. ಕೊನೆಗೆ ರಾಚಪ್ಪ ಎಂಜಿನ್ ಆರಿಸಿ, ಕೆಳಗಿಳಿಯದೆ ಮೆಲ್ಲಗೆ ಕೇಳಿದ. ಗಿಡ ತಿರುವುತ್ತಿದ್ದವರು ಯಾರೂ ತಲೆ ಎತ್ತಲಿಲ್ಲ. ಇನ್ನೊಂದು ಸಲ ಕೇಳಿದ:

"ಉಡ್ಗೀನ ಒಂದ್ಸಲ ತೋರಿಸ್ರಪ್ಪ."