ಹೋಗಿ ಬರುವ ಇಂಗ್ಲಿಷು

ಜಹೀರಾಬಾದಿನ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಮಾತಾಡಲು ಕಲಿಸುತ್ತೇನೆ. ರನ್ ಔಟ್ ಎಲ್ಲಿ, ರನ್ ಅವೇ ಎಲ್ಲಿ, ಇದೇ ಪಾಠ. ನಗೆಗೆ ಯಾವತ್ತೂ ಬರವಿಲ್ಲ. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ನನ್ನ ಹೆಂಡತಿ ಪರದೆಯಾಚೆ ಮಲಗಿ ಎಲ್ಲ ಕೇಳುತ್ತಿದ್ದಳು, ತಿದ್ದುತ್ತಲೂ ಇದ್ದಳು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

೧. ಅರಿಶಿಣ

ಕೊಹೀರಿನ ಕಿರಾಣಿ ಅಂಗಡಿಯವನಿಗೆ, ಸಾಮಾನು ತೀರಿದರೆ ರನ್ ಔಟ್, ಓಡಿಹೋದರೆ ರನ್ ಅವೇ ಎಂದು ಹೇಳಿ, ಅರಿಶಿಣದ ಉದಾಹರಣೆ ಕೊಟ್ಟೆ. ಪರದೆಯಾಚೆಯಿಂದ ದನಿ ಬಂತು: "ಅರಿಶಿಣ ಶುಭದ್ದು, ತೀರ್ಯಾದ ಅನಬಾರದು. ಹೆಚ್ಯಾದ ಅನಬೇಕು."

ಅವನು ಭಕ್ತಿಯಿಂದ ತಲೆಯಾಡಿಸಿದ. ಮರುದಿನ ಹೈದರಾಬಾದಿನ ಸಗಟು ವ್ಯಾಪಾರಿಗೆ ಫೋನ್ ಮಾಡಿ, ಅರಿಶಿಣ ಬಹಳ ಹೆಚ್ಚಾಗಿದೆ ಎಂದು ಇಂಗ್ಲಿಷಿನಲ್ಲೇ ತಿಳಿಸಿದ. ವ್ಯಾಪಾರಿ ಅರಿಶಿಣ ಕಳಿಸಲಿಲ್ಲ, ಹೆಚ್ಚಾದದ್ದನ್ನು ವಾಪಸ್ ಒಯ್ಯಲು ಖಾಲಿ ಟೆಂಪೊ ಕಳಿಸಿದ.

೨. ದೀಪ

ಬಲ್ಬಿಗೆ ಟರ್ನ್ ಆಫ್, ದೀಪಕ್ಕೆ ಪುಟ್ ಔಟ್ ಅಂದೆ. ನಾರಾಯಣಖೇಡದಿಂದ ಬರುತ್ತಿದ್ದ ಹೆಣ್ಣುಮಗಳೊಬ್ಬಳು, ಮುತ್ತೈದೆಯ ಬಾಯಲ್ಲಿ ದೀಪ ಆರಿಸುವ ಮಾತು ಬರಬಾರದು, ಶಾಂತ ಮಾಡು ಅನ್ನಬೇಕು ಎಂದು ಹಟ ಹಿಡಿದಳು. ಒಳಗಿನಿಂದ ಅವಳಿಗೇ ಬೆಂಬಲ. ವಾದ ಜೋರಾಗಿರುವಾಗ ಕರೆಂಟ್ ಹೋಯಿತು. ಅದು ಯಾರ ಶಾಸ್ತ್ರವನ್ನೂ ಕೇಳಲಿಲ್ಲ.

೩. ಬಾಗಿಲು

ಪಾಠ ಮುಗಿದ ಮೇಲೆ ಬರೀ ಗೋ ಔಟ್ ಅಂದು ಹೊರಡಲು ನನ್ನ ಹೆಂಡತಿ ಯಾರನ್ನೂ ಬಿಡುತ್ತಿರಲಿಲ್ಲ. ಹೋಗ್ತೀನಿ ಅಂದವರು ತಿರುಗಿ ಬರುವುದಿಲ್ಲ ಎಂಬ ಭಯ. ಹಾಗಾಗಿ ಎಲ್ಲರೂ ಪರದೆಯ ಕಡೆ ತಿರುಗಿ "ಗೋ ಔಟ್, ಕಮ್ ಇನ್" ಅನ್ನುತ್ತಿದ್ದರು. ಕೊನೆಗೆ ಆಸ್ಪತ್ರೆಯಲ್ಲಿ ಅವಳನ್ನು ಆಪರೇಷನ್ನಿಗೆ ಒಳಗೆ ಒಯ್ಯುವಾಗ ನರ್ಸ್ "ಗೋ ಇನ್" ಅಂದಳು. ನನ್ನ ಹೆಂಡತಿ ಅವಳ ಕೈ ಹಿಡಿದು, "ಕಮ್ ಔಟ್ ಭೀ ಅನ್ನವ್ವ" ಅಂದಳು. ನರ್ಸ್ ನಕ್ಕು ಅಂದಳು. ನನ್ನ ಹೆಂಡತಿ ಹೊರಗೆ ಬರಲಿಲ್ಲ.

ಮೂರನೆಯ ದಿನ ಮಾತಾಡಿಸಲು ಜನ ಬಂದರು. ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಅನ್ನಬಾರದು, ಎಲ್ಲರೂ ಸುಮ್ಮನೆ ಎದ್ದು ಹೋದರು. ಕಿರಾಣಿಯವನು ಮಾತ್ರ ಹೊಸ್ತಿಲಲ್ಲಿ ನಿಂತು, ರೂಢಿಯಂತೆ ಪರದೆಯ ಕಡೆ ತಿರುಗಿ, "ಗೋ ಔಟ್, ಕಮ್ ಇನ್, ಅಕ್ಕೋರ" ಅಂದುಬಿಟ್ಟ.

ನಮ್ಮ ದೊಡ್ಡಪ್ಪ ಗದರಿದರು: "ಇಂಥಾ ಮನ್ಯಾಗ ಬರ್ತೀನಿ ಅಂತಾರೇನೋ?"

ಅವನು ಕಣ್ಣೊರೆಸಿಕೊಳ್ಳುತ್ತ, "ಇಂಗ್ಲಿಷ್‌ನ್ಯಾಗ ಅಂದೀನ್ರಿ, ನಡೀತದ" ಅಂದ.

ಮೂರು ದಿನದಲ್ಲಿ ಮೊದಲ ಸಲ ನಕ್ಕೆ. ನಗುತ್ತಲೇ ಅತ್ತೆ. ಅವಳಿದ್ದಿದ್ದರೆ ಅವನನ್ನು ಪಾಸು ಮಾಡುತ್ತಿದ್ದಳು.