ಅರ್ಧ ಒಣಗಿದ ಮರದ ಇಪ್ಪತ್ತು ಅಚ್ಚುಗಳು

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ನಡೆದದ್ದು. ಕೈಯಲ್ಲೊಂದು ಚಿತ್ರ ಹಿಡಿದು ಬಸ್ಸು ಹತ್ತಿದರೆ ನಮ್ಮ ಕಡೆ ಇಂಥದ್ದು ಆಗುತ್ತಲೇ ಇರುತ್ತದೆ.

ನಾನು ಓದಿದ್ದು ಸಸ್ಯಶಾಸ್ತ್ರ. ಹಿಮಾಲಯದಲ್ಲಿ ಕಂಡ ಒಂದು ಜುನಿಪರ್ ಮರವನ್ನು ಹಲಗೆಯಲ್ಲಿ ಕೆತ್ತಿ, ಶಾಯಿ ಸವರಿ, ಇಪ್ಪತ್ತು ಅಚ್ಚು ತೆಗೆದೆ. ಸಾವಿರ ವರ್ಷದ ಮರ ಎಂದು ಅಲ್ಲಿಯವರು ಹೇಳಿದ್ದರು. ಅರ್ಧ ಒಣಗಿದೆ, ಒಂದೇ ಕೊಂಬೆಯಲ್ಲಿ ಎಲೆ. ಪ್ರತಿ ಅಚ್ಚಿನ ಕೆಳಗೆ ಪೆನ್ಸಿಲಿನಲ್ಲಿ ಕ್ರಮಸಂಖ್ಯೆ: 1/20, 2/20, ಹೀಗೆ.

ಬಂಟ್ವಾಳದ ನಮ್ಮ ಮನೆಯ ಚಾವಡಿಯಲ್ಲಿ ಒಂದನ್ನು ತೂಗುಹಾಕುವ ಆಸೆಯಿತ್ತು. ಅಮ್ಮ ಒಪ್ಪಲಿಲ್ಲ. "ಒಣಗಿದ ಮರ ಮನೆಗೆ ಒಳ್ಳೆಯದಲ್ಲ. ಮೊದಲು ಬೇರೆ ಯಾರಾದ್ರೂ ಹಾಕಲಿ, ಮತ್ತೆ ನೋಡುವ."

ಆ ಒಬ್ಬರನ್ನು ಹುಡುಕಿ ಹೊರಟೆ.

ಫರಂಗಿಪೇಟೆ

ಮೊದಲು ಒಂದಕ್ಕೆ ಫ್ರೇಮು ಹಾಕಿಸಬೇಕಿತ್ತು. ಅಂಗಡಿಯವರು ಹೆಚ್ಚಾಗಿ ಕಟ್ಟುವುದು ದೇವರ ಮತ್ತು ತೀರಿಹೋದವರ ಫೋಟೊ. ಹಾರ ಹಾಕಲು ಮೇಲೆ ಕೊಕ್ಕೆ ಬೇಕಾ ಎಂದು ಕೇಳಿದರು. ಮರಕ್ಕೆ ಇನ್ನೂ ಜೀವ ಇದೆ ಎಂದೆ.

ಅವರು ಕನ್ನಡಕ ಏರಿಸಿ ನೋಡಿದರು. "ಹೌದು, ಸ್ವಲ್ಪ ಉಂಟು. ಕೊಕ್ಕೆಗೆ ಜಾಗ ಬಿಟ್ಟಿರ್ತೇನೆ."

ಚಾರ್ಮಾಡಿ

ಸೋದರಮಾವ ಅಡಿಕೆ ಕೃಷಿಕರು. ಚಿತ್ರವನ್ನು ಬಹಳ ಹೊತ್ತು ನೋಡಿದರು. ಹಿಡಿಸಿತು ಎಂದುಕೊಂಡೆ. ಅಡಿಕೆಗೆ ಕೊಳೆರೋಗಕ್ಕೆ ಸಿಂಪಡಿಸುವಂತೆ ಈ ಮರಕ್ಕೂ ಮದ್ದು ಬಿಟ್ಟಿದ್ದಾರಾ ಎಂದು ಕೇಳಿದರು. ಅಷ್ಟು ಎತ್ತರದಲ್ಲಿ ಯಾರೂ ಬಿಡುವುದಿಲ್ಲ ಎಂದೆ. ಅವರಿಗೆ ಬೇಸರವಾಯಿತು.

ಊಟ ಮುಗಿಸಿ ಬರುವಷ್ಟರಲ್ಲಿ ಕಟ್ಟಿನಲ್ಲಿದ್ದ ಒಂದು ಅಚ್ಚಿನ ಹಿಂಬದಿಯಲ್ಲಿ ಮದ್ದಿಗೆ ಬೇಕಾದ ಸುಣ್ಣ, ಮೈಲುತುತ್ತಿನ ಅಳತೆ ಬರೆದಿಟ್ಟಿದ್ದರು. "ಮರದ ಧಣಿಗಳಿಗೆ ಕೊಡು. ಈಗಲಾದ್ರೂ ಬಿಡಲಿ."

ಮೂಡುಬಿದಿರೆ

ಶಾಲೆಯಲ್ಲಿ ನನಗೆ ಕಲಿಸಿದ ನಿವೃತ್ತ ಗಣಿತ ಮಾಸ್ಟ್ರಿಗೆ ಮರ ಕೂಡಲೇ ಇಷ್ಟವಾಯಿತು. "ಒಂದು ಬದಿ ಮಾತ್ರ ಕೆಲಸ ಮಾಡ್ತದೆ. ನನ್ನ ಹಾಗೆ," ಎಂದು ಬಲಗಾಲು ನೀವಿಕೊಂಡರು. ಆಮೇಲೆ ಕೆಳಗಿನ 7/20 ಕಂಡಿತು.

"ಇಪ್ಪತ್ತಕ್ಕೆ ಏಳಾ? ಫೇಲಾದದ್ದನ್ನು ನನಗೆ ಕೊಡುವುದಾ ಮಾರಾಯ?"

ಅದು ಏಳನೆಯ ಪ್ರತಿ, ಎಲ್ಲವೂ ಒಂದೇ ಹಲಗೆಯದ್ದು ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಉಳಿದ ಅಚ್ಚುಗಳ ಕಟ್ಟು ಬಿಚ್ಚಿಸಿ, ಒಂದೊಂದಾಗಿ ತಿರುವಿ, 20/20 ಆರಿಸಿದರು. ಅದನ್ನೇ ಫ್ರೇಮಿಗೆ ಹಾಕಿಸಿ, ಅಂದೇ ಗೋಡೆಗೆ ಮೊಳೆ ಹೊಡೆಸಿದರು.

ಅಮ್ಮ ನಂಬಲಿಲ್ಲ. ಮುಂದಿನ ಭಾನುವಾರ ಮಾಸ್ಟ್ರ ಮನೆಗೆ ಹೋಗಿ, ಚಿತ್ರ ನೋಡಿ, ಅವರ ಹತ್ತಿರ ಮಾತಾಡಿ ಬಂದರು. ಬಂದವರೇ ಉಳಿದ ಅಚ್ಚುಗಳನ್ನು ಮುಂದಿಟ್ಟುಕೊಂಡು ಕೂತರು.

"ಇದ್ದದ್ದರಲ್ಲಿ ಜಾಸ್ತಿ ಮಾರ್ಕು ಯಾವುದಕ್ಕೆ?"

ನಾನು ವಿವರಿಸಲು ಹೋಗಲಿಲ್ಲ. ನಮ್ಮ ಚಾವಡಿಯಲ್ಲಿ ಈಗ ಇರುವುದು 19/20.